ರಾಣಿಬಾಗಿನ ಸಂಬಳವಿಲ್ಲದ ಸೇವಕರು

ಊರಿನಿಂದ ನೆಂಟರು ಬಂದರೆ ಅವರಿಗೆ ರಾಣಿಬಾಗ್ ತೋರಿಸದೆ ಕಳುಹಿಸುವ ರೂಢಿ ಮುಂಬಯಿ ಕನ್ನಡಿಗರಲ್ಲಿ ಇಲ್ಲ. ಹುಲಿ, ನೀರಾನೆ, 2017ರಿಂದೀಚೆಗೆ ಪೆಂಗ್ವಿನ್, ಇಷ್ಟನ್ನು ನೋಡಿ, ಹೊರಗೆ ಬಂದು ಕಡಲೆಕಾಯಿ ಕೊಂಡು, ಮಕ್ಕಳ ಕೈ ಹಿಡಿದು ಬೈಕುಲಾ ಸ್ಟೇಷನ್ನಿಗೆ ಮರಳುತ್ತೇವೆ. ನಾವೂ ಇಪ್ಪತ್ತು ವರ್ಷ ಹಾಗೆಯೇ ಮಾಡಿದವರು. ಸಸ್ಯಶಾಸ್ತ್ರವನ್ನು ಒಂದು ವಿಷಯವಾಗಿ ಓದಿ ಬಿ.ಎಸ್ಸಿ. ಪಾಸಾದ ನಮಗೇ, ಅದು ಹುಟ್ಟಿದ್ದು ಸಸ್ಯೋದ್ಯಾನವಾಗಿ, ಪ್ರಾಣಿಗಳು ಬಂದದ್ದು ಆಮೇಲೆ ಎಂಬುದು ತಿಳಿದಿರಲಿಲ್ಲವೆಂದರೆ ವಾಚಕರು ನಗಬಹುದು. ಕೇಂದ್ರ ಸರಕಾರದ ಕಚೇರಿಯ ಕಡತಗಳ ನಡುವೆ ಕುಳಿತವನಿಗೆ ಗಿಡಮರಗಳ ಲ್ಯಾಟಿನ್ ಹೆಸರುಗಳು ಎಷ್ಟು ದಿನ ನೆನಪಿರುತ್ತವೆ?

ರಾಣಿಬಾಗಿಗೆ ಮುಂಚೆ ಶಿವಡಿಯಲ್ಲಿ ಒಂದು ಸಸ್ಯೋದ್ಯಾನವಿತ್ತು. ಅದನ್ನು ನಡೆಸುತ್ತಿದ್ದುದು ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕಾ ಸಂಘ. ಆ ಜಾಗ ಯುರೋಪಿಯನರ ಸ್ಮಶಾನಕ್ಕೆ ಬೇಕಾಯಿತು. ತೋಟ ಬೈಕುಲಾಕ್ಕೆ ಬಂತು. ಗವರ್ನರ್ ಬಾರ್ಟಲ್ ಫ್ರಿಯರ್‌ನ ಪತ್ನಿ 1862ರ ನವೆಂಬರ್ 19ರಂದು ಅದನ್ನು ಸಾರ್ವಜನಿಕರಿಗೆ ತೆರೆದಳು. ಹೆಸರು ವಿಕ್ಟೋರಿಯಾ ಗಾರ್ಡನ್ಸ್. ಜನರ ಬಾಯಲ್ಲಿ ಅದು ರಾಣಿಬಾಗ್ ಆಯಿತು. ಸ್ವಾತಂತ್ರ್ಯಾನಂತರ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂದು ಹೆಸರಿಟ್ಟರೂ ಟ್ಯಾಕ್ಸಿಯವನಿಗೆ ಇಂದಿಗೂ ರಾಣಿಬಾಗ್ ಎಂದರೆ ಸಾಕು.

ಆ ತೋಟಗಾರಿಕಾ ಸಂಘದ ಗೌರವ ಕಾರ್ಯದರ್ಶಿ ಡಾ. ಜಾರ್ಜ್ ಬರ್ಡ್‌ವುಡ್ ಹುಟ್ಟಿದ್ದು 1832ರಲ್ಲಿ, ನಮ್ಮ ಬೆಳಗಾವಿಯಲ್ಲಿ! ತಂದೆ ಸೈನ್ಯಾಧಿಕಾರಿ. ಇಂಗ್ಲೆಂಡ್–ಸ್ಕಾಟ್ಲೆಂಡ್‌ಗಳಲ್ಲಿ ಓದಿ, 1854ರಲ್ಲಿ ಮುಂಬಯಿಯ ವೈದ್ಯಕೀಯ ಸೇವೆಗೆ ಸೇರಿ, ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವನು. ಬೆಳಗಾವಿಯಲ್ಲಿ ಹುಟ್ಟಿದನೆಂದು ಅವನನ್ನು ಕನ್ನಡಿಗನೆಂದು ಕರೆಯುವಷ್ಟು ಅಭಿಮಾನ ನಮಗೆ ಬೇಡ. ಆದರೆ ಹೊಟ್ಟೆಪಾಡಿನ ಕೆಲಸ ಒಂದಾಗಿ, ಮನಸ್ಸಿನ ಕೆಲಸ ಇನ್ನೊಂದಾಗಿ ಮುಂಬಯಿಯಲ್ಲಿ ಬಾಳುವುದು ನಮ್ಮವರಿಗೆ ಹೊಸದಲ್ಲವಷ್ಟೆ. ಹಗಲು ಆಫೀಸಿನಲ್ಲಿ ದುಡಿದು ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಹೋಟೆಲ್ ಹುಡುಗರಿಗೆ ಪಾಠ ಹೇಳಿದ ಗುಮಾಸ್ತರ ಪರಂಪರೆ ನಮ್ಮದು. ಬರ್ಡ್‌ವುಡ್ ವೈದ್ಯಕೀಯದ ನಡುವೆಯೇ ಮುಂಬಯಿ ಪ್ರಾಂತ್ಯದ ಸಸ್ಯೋತ್ಪನ್ನಗಳ ದೊಡ್ಡದೊಂದು ಪಟ್ಟಿಯನ್ನೂ ಸಿದ್ಧಪಡಿಸಿ 1862ರಲ್ಲಿ ಪ್ರಕಟಿಸಿದನು.

ಅವನ ಜೊತೆಗಾರ ಡಾ. ಭಾವು ದಾಜಿ ಲಾಡ್. ಗೋವೆಯ ಮಾಂದ್ರೆಯಿಂದ ಬಂದು, ಅದೇ ಗ್ರ್ಯಾಂಟ್ ಕಾಲೇಜಿನ ಮೊದಲ ತಂಡದಲ್ಲಿ ಡಾಕ್ಟರರಾದವರು. ಉದ್ಯಾನ ಮತ್ತು ಅದಕ್ಕೆ ಹೊಂದಿದ ವಸ್ತುಸಂಗ್ರಹಾಲಯಕ್ಕಾಗಿ ಇಬ್ಬರೂ, ಜಗನ್ನಾಥ ಶಂಕರಶೇಟ್ ಮೊದಲಾದವರೊಡನೆ, ಹಣ ಕೂಡಿಸಿದರು. ಹತ್ತಿಯ ವ್ಯಾಪಾರದಿಂದ ನಗರದಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತಿದ್ದ ಕಾಲ ಅದು. 1865ರಲ್ಲಿ ಷೇರು ಪೇಟೆ ಕುಸಿದಾಗ ಕೊಡುವವರ ಕೈ ಬರಿದಾಗಿ ವಸ್ತುಸಂಗ್ರಹಾಲಯದ ಕಟ್ಟಡ ಅರ್ಧಕ್ಕೇ ನಿಂತಿತು. ಕೊನೆಗೆ ಸರಕಾರವೇ ಮುಗಿಸಬೇಕಾಯಿತು. ಬಾಗಿಲು ತೆರೆದದ್ದು 1872ರ ಮೇ 2ರಂದು. ಅಷ್ಟು ಹೊತ್ತಿಗೆ ಬರ್ಡ್‌ವುಡ್ ಅನಾರೋಗ್ಯದಿಂದ ಇಂಗ್ಲೆಂಡಿಗೆ ಮರಳಿ ನಾಲ್ಕು ವರ್ಷವಾಗಿತ್ತು. 1975ರಲ್ಲಿ ಆ ಸಂಗ್ರಹಾಲಯಕ್ಕೆ ಭಾವು ದಾಜಿಯವರ ಹೆಸರು ಬಂತು.

ತೋಟಗಾರಿಕಾ ಸಂಘವೂ ಬಹುಕಾಲ ಬಾಳಲಿಲ್ಲ. 1873ರಲ್ಲಿ ಉದ್ಯಾನ ನಗರಪಾಲಿಕೆಯ ಕೈಗೆ ಹೋಯಿತು. 1890ರಲ್ಲಿ ಸುಮಾರು 15 ಎಕರೆ ಸೇರಿಸಿ ಪ್ರಾಣಿಸಂಗ್ರಹಾಲಯ ಮಾಡಿದರು. ಅಂದರೆ ಮರಗಳಿಗಿಂತ ಪ್ರಾಣಿಗಳು 28 ವರ್ಷ ಕಿರಿಯವು. ಈ ಲೆಕ್ಕ ಮುಂದೆ ಬಹಳ ಉಪಯೋಗಕ್ಕೆ ಬಂತು.

2007ರ ಸುಮಾರಿಗೆ ಇಡೀ ಜಾಗವನ್ನು ಅಂತರರಾಷ್ಟ್ರೀಯ ಮಟ್ಟದ ಪ್ರಾಣಿಸಂಗ್ರಹಾಲಯವಾಗಿ ಮಾರ್ಪಡಿಸುವ, 400 ಕೋಟಿ ರೂಪಾಯಿಗೂ ಮೀರಿದ ಯೋಜನೆ ಸಿದ್ಧವಾಯಿತು. ಹಳೆಯ ಮರಗಳ ಗತಿಯೇನು ಎಂದು ಮೊದಲು ಕೇಳಿದವರಲ್ಲಿ ಕೆಲವು ಮಹಿಳೆಯರು ಮುಖ್ಯರು. ಹುತೋಕ್ಷಿ ರುಸ್ತಮ್‌ಫ್ರಾಮ್, ಶುಭದಾ ನಿಖಾರ್ಗೆ ಮುಂತಾದವರು ಸೇರಿ ರಾಣಿಬಾಗ್ ಉಳಿಸುವ ಸಮಿತಿ ಕಟ್ಟಿದರು. ಅವರ ಆಯುಧ ಎರಡೇ: ಹಳೆಯ ದಾಖಲೆ ಮತ್ತು ಮರಗಳ ಎಣಿಕೆ. ಇಲ್ಲಿ 3,000ಕ್ಕೂ ಮಿಕ್ಕಿ ಮರಗಳಿವೆ, 280ಕ್ಕೂ ಹೆಚ್ಚು ಜಾತಿಗಳಿವೆ, ಇದು ಮೊದಲು ಸಸ್ಯೋದ್ಯಾನ ಎಂದು ಕಾಗದದ ಮೇಲೆ ತೋರಿಸಿದರು. ಪರಂಪರಾ ಸಂರಕ್ಷಣ ಸಮಿತಿ ಮೂಲ ನಕ್ಷೆಗೆ ಒಪ್ಪಲಿಲ್ಲ, ಯೋಜನೆ ಕುಗ್ಗಿತು. ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು: ಪಟ್ಟಿಯಲ್ಲಿ ಇಲ್ಲದ್ದು ಇದ್ದರೂ ಇಲ್ಲದಂತೆಯೇ. ಘೋಷಣೆ ಕೂಗುವುದಕ್ಕಿಂತ ಬಿಸಿಲಲ್ಲಿ ಮರ ಎಣಿಸುವುದು ಕಷ್ಟದ ಕೆಲಸ, ಫಲವೂ ಹೆಚ್ಚು. 150 ವರ್ಷ ತುಂಬಿದ 2012ರಲ್ಲಿ ಅವರು ಉದ್ಯಾನದ ಕುರಿತು ಒಂದು ಪುಸ್ತಕವನ್ನೂ ಹೊರತಂದರು.

ಹೀಗೆ ಸ್ವಂತ ಖುಷಿಯಿಂದ ದುಡಿಯುವವರು ಜನರನ್ನು ಕರೆದುಕೊಂಡು ಮರಗಳ ಪರಿಚಯ ಮಾಡಿಸುವುದುಂಟು. ಅಂಥ ಒಂದು ನಡಿಗೆಗೆ ನಾವು, ಊರಿನಿಂದ ಬಂದಿದ್ದ ನಮ್ಮ ಅವ್ವನನ್ನೂ ಕರೆದುಕೊಂಡು ಹೋಗಿದ್ದೆವು. ಭಾಷೆ ತಿಳಿಯದೆ ಅವರಿಗೆ ಬೇಸರವಾದೀತೆಂದು ನಮ್ಮ ಅಳುಕು. ನಾಗಲಿಂಗದ ಮರದ ಬಳಿ, ಮರಾಠಿಯಲ್ಲಿ ಇದು ಕೈಲಾಸಪತಿ ಎಂದು ವಿವರಿಸುತ್ತಿದ್ದಂತೆ ಅವ್ವ ಉದುರಿದ ಹೂವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಮುಂದೆ ಆನೆಯ ಕಾಲಿನಂಥ ದಪ್ಪ ಕಾಂಡದ ಬಾವೊಬಾಬ್. ಆಫ್ರಿಕದ ಮರ, ಮರಾಠಿಯಲ್ಲಿ ಗೋರಖ್ ಚಿಂಚ್ ಎನ್ನುತ್ತಾರೆ ಎಂದು ಆ ಮಹಿಳೆ ಹೇಳುವಷ್ಟರಲ್ಲಿ ಅವ್ವ, “ಇದು ನಮ್ಮ ಸವಣೂರ ದೊಡ್ಡ ಹುಣಸಿ ಅಲ್ಲೇನೋ! ಕಲ್ಮಠದಾಗ ಐತಲ್ಲ, ಅದ!” ಎಂದು ಗಟ್ಟಿಯಾಗಿ ಹೇಳಿದರು.

ನಾವು ಅನುವಾದಿಸಿದೆವು. ಚಿಂಚ್ ಎಂದರೂ ಹುಣಸೆಯೇ. ಕಾಯಿಯೊಳಗಿನ ತಿರುಳಿನ ಹುಳಿ ಎರಡೂ ಭಾಷೆಯವರ ನಾಲಗೆಗೆ ಒಂದೇ ಹೆಸರು ಹೊಳೆಸಿತ್ತು. ಆ ಮಹಿಳೆ ಕೂಡಲೇ ಚೀಲದಿಂದ ಪುಸ್ತಕ ತೆಗೆದು, ಅವ್ವನಿಂದ ಎರಡು ಸಲ ಹೇಳಿಸಿ, ಬರೆದುಕೊಂಡರು. ಅವ್ವ ಆಮೇಲೆ ಗುಂಪಿನ ಮುಂದೆಯೇ ನಡೆದರು. ಪೆಂಗ್ವಿನ್ ನೋಡಲು ಸಮಯ ಉಳಿಯಲಿಲ್ಲ.

ಹೋಗಬಯಸುವವರು ಬೈಕುಲಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿಯಬೇಕು. ಬುಧವಾರ ರಜೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ.