ನೊರೆಯೊಡನೆ ಹೋಗುವ ಕೊಳೆ

ನೆಮ್ಮಾರನ್ನು ದಾಟಿ ಶೃಂಗೇರಿಗೆ ಬರುವ ತುಂಗೆಯಲ್ಲಿ, ಮಠದ ಸ್ನಾನಘಟ್ಟದ ಬಳಿ, ಭಕ್ತರು ಎಸೆದ ಮಂಡಕ್ಕಿಗೆ ಮೀನುಗಳು ಮುತ್ತುತ್ತವೆ. ಅಷ್ಟೂ ಮೀನುಗಳ ಕೊಳೆಯನ್ನು ಹೊಳೆಯೇ ಕೊಚ್ಚಿಕೊಂಡು ಹೋಗುತ್ತದೆ. ಗಾಜಿನ ತೊಟ್ಟಿಗೆ ಆ ಭಾಗ್ಯವಿಲ್ಲ.

1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗೆ ಅಕ್ವೇರಿಯಂ ತೆರೆದ ಕಾಲದಿಂದಲೂ ಕಡಲಮೀನು ಸಾಕುವವರನ್ನು ಕಾಡಿದ್ದು ನೀರು ಕೆಡುವ ಸಮಸ್ಯೆ. ಉತ್ತರ ಕಡಲ ದಂಡೆಯಲ್ಲೇ ಇತ್ತು. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ, ಅಲೆ ಒಡೆದಾಗ ನೀರಿನಲ್ಲಿ ಕರಗಿದ ಜೈವಿಕ ಕೊಳೆ ಗಾಳಿಗುಳ್ಳೆಗಳಿಗೆ ಅಂಟಿ ನೊರೆಯಾಗುತ್ತದೆ. ಇದೇ ತತ್ತ್ವದ ಮೇಲೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ತಯಾರಕರು ಬೆಳೆಸಿದ ಉಪಕರಣವೇ ಪ್ರೊಟೀನ್ ಸ್ಕಿಮ್ಮರ್. ಹಳೆಯವು ಮರದ ತುಂಡಿನ ರಂಧ್ರಗಳಿಂದ ಗಾಳಿ ಊದುತ್ತಿದ್ದವು. ಈಗ ಹೆಚ್ಚಿನವುಗಳಲ್ಲಿ ಪಂಪಿನ ಮುಳ್ಳುಚಕ್ರವೇ ಗಾಳಿಯನ್ನು ನುಣ್ಣಗಿನ ಗುಳ್ಳೆಗಳಾಗಿ ಒಡೆಯುತ್ತದೆ.

ಕೊಳ್ಳುವ ಹೊಸಬರು ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕವನ್ನಷ್ಟೇ ನಂಬಬಾರದು. ಮೀನೆಷ್ಟು, ಮೇವೆಷ್ಟು ಎಂದೂ ನೋಡಬೇಕು. ತೀರಾ ಚಿಕ್ಕದು ಸಾಲದು. ಅತಿ ದೊಡ್ಡದರಲ್ಲಿ ನೊರೆ ನಿಲ್ಲದು. ನೊರೆ ಸೇರುವ ಬಟ್ಟಲು ಸುಲಭವಾಗಿ ಬಿಚ್ಚಿ ತೊಳೆಯುವಂತಿರಬೇಕು. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಒಂದುಗೂಡುವುದರಿಂದ ಅಲ್ಲಿ ಇದರ ಪ್ರಯೋಜನ ಅಲ್ಪ.

ಸ್ಕಿಮ್ಮರ್ ತೆಗೆಯುವುದು ಇನ್ನೂ ಕೊಳೆಯದ ಕಲ್ಮಶವನ್ನು ಮಾತ್ರ. ಕೊಳೆತ ಮೇಲೆ ಉಳಿಯುವ ನೈಟ್ರೇಟನ್ನಲ್ಲ. ಆಗಾಗ ನೀರು ಬದಲಿಸಿ, ಹೊಳೆಯ ಕೆಲಸವನ್ನು ಸಾಕುವವರೇ ಮಾಡಬೇಕು.