ಹತ್ತು ಸಾವಿರದ ಐನೂರು ಅಡಿಯನ್ನು ಇಂಗ್ಲಿಷಿನಲ್ಲಿ ಹೇಳಿದ ಬಗೆ

ಕೋರಮಂಡಲ್‌ನ ಮಕ್ಕಳಿಗೆ ದೊಡ್ಡ ಸಂಖ್ಯೆಗಳನ್ನು ಮೊದಲು ಕಲಿಸಿದ್ದು ಗಣಿ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್, ಅಂದರೆ 10,500 ಅಡಿ ಆಳಕ್ಕೆ ಇಳಿದಿತ್ತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಊಟಕ್ಕೆ ಕೂತಾಗಲೂ ದೊಡ್ಡವರ ಬಾಯಲ್ಲಿ ಇವೇ ಲೆಕ್ಕಗಳು. ಆದರೆ ತರಗತಿಯಲ್ಲಿ ಎದ್ದು ನಿಂತು ಅವನ್ನೇ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಅರ್ಧ ತರಗತಿ ತಡವರಿಸುತ್ತಿತ್ತು.

ಇದಕ್ಕೆ ನಮ್ಮ ಊರಿನ ಇತಿಹಾಸವೇ ಕಾರಣ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಗಣಿಯ ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಆಳಕ್ಕೆ ಅಡಿ, ಚಿನ್ನಕ್ಕೆ ಔನ್ಸ್, ಲಾಭಕ್ಕೆ ಪೌಂಡ್-ಶಿಲ್ಲಿಂಗ್-ಪೆನ್ಸ್. ಕೂಲಿ ಸಿಗುತ್ತಿದ್ದದ್ದು ಮಾತ್ರ ರೂಪಾಯಿ-ಆಣೆಯಲ್ಲಿ. ಕಳೆದ ಶತಮಾನದ ಮೊದಲ ದಶಕದಲ್ಲಿ ಪೌಂಡಿಗೆ 15 ರೂಪಾಯಿ ಇತ್ತು. ಆ ದರದಲ್ಲಿ ನಮ್ಮ ಒಂದು ಲಕ್ಷ ರೂಪಾಯಿ ಲಂಡನ್ನಿಗೆ ಹೋದರೆ 6,666 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್ ಆಗುತ್ತಿತ್ತು. ಇಲ್ಲಿ ಒಂದೇ ಉಸಿರಿಗೆ ಹೇಳುವ ಮೊತ್ತಕ್ಕೆ ಅಲ್ಲಿ ಒಂದು ಸಾಲೇ ಬೇಕು!

ಮನೆಗಳಲ್ಲಿ ಎಣಿಕೆ ಬೇರೆಯದೇ. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಂದೇ ಲೈನಿನ ಮನೆಗಳಲ್ಲಿ. ತಮಿಳಿನಲ್ಲಿ ತೊಂಬತ್ತು 'ತೊಣ್ಣೂರು', ಒಂಬೈನೂರು 'ತೊಳ್ಳಾಯಿರಂ'. ಒಂದರೊಳಗೆ ನೂರು, ಇನ್ನೊಂದರೊಳಗೆ ಸಾವಿರ ಅಡಗಿ ಕೂತಿವೆ. ಅಂಥ ಎಣಿಕೆಯನ್ನೇ ನೀರು ಕುಡಿದಂತೆ ಹೇಳುತ್ತಿದ್ದ ಹುಡುಗರು ಇಂಗ್ಲಿಷಿನ 'ಥರ್ಟೀನ್' ಮತ್ತು 'ಥರ್ಟಿ' ಮುಂದೆ ನಿಂತುಬಿಡುತ್ತಿದ್ದರು. ಕನ್ನಡದ ಹದಿಮೂರಿಗೂ ಮೂವತ್ತಕ್ಕೂ ಹೋಲಿಕೆಯೇ ಇಲ್ಲ. ಇಂಗ್ಲಿಷಿನಲ್ಲಿ ಕೊನೆಯ ಸ್ವರವನ್ನು ಎಳೆದು ಒತ್ತಿ ಹೇಳದಿದ್ದರೆ ಹದಿನೈದು ಐವತ್ತಾಗುತ್ತದೆ.

ನಮ್ಮ ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಕಂಡುಕೊಂಡ ಮದ್ದು ಗಟ್ಟಿಯಾಗಿ ಓದಿಸುವುದು. ಬೋರ್ಡಿನ ಮೇಲೆ ಅಲ್ಪವಿರಾಮವಿಲ್ಲದ ಒಂದು ಸಂಖ್ಯೆ ಬರೆಯುತ್ತಿದ್ದರು. ಮೊದಲು ಬಲದಿಂದ ಎಣಿಸುತ್ತ ಬಂದು ಅಲ್ಪವಿರಾಮ ಹಾಕಬೇಕು, ಆಮೇಲೆ ಎಡದಿಂದ ಓದಬೇಕು. ಒಬ್ಬ ಕನ್ನಡದಲ್ಲಿ, ಪಕ್ಕದವ ಇಂಗ್ಲಿಷಿನಲ್ಲಿ. ಅವರು ಹೆಚ್ಚಾಗಿ ಬಳಸುತ್ತಿದ್ದದ್ದು ಗಣಿಯ ಚಿನ್ನವನ್ನೇ. ಎಂಟುನೂರು ಟನ್ನನ್ನು ಗ್ರಾಮಿಗೆ ಇಳಿಸಿದರೆ ನಮ್ಮ ಬರವಣಿಗೆಯಲ್ಲಿ 80,00,00,000, ಎಂಬತ್ತು ಕೋಟಿ. ಅವರ ಬರವಣಿಗೆಯಲ್ಲಿ 800,000,000, 'ಏಟ್ ಹಂಡ್ರೆಡ್ ಮಿಲಿಯನ್'. ಸೊನ್ನೆಗಳು ಅಷ್ಟೇ, ಚಿನ್ನವೂ ಅಷ್ಟೇ. ನಾವು ಮೊದಲ ಮೂರು ಸ್ಥಾನದ ನಂತರ ಎರಡೆರಡಕ್ಕೆ ನಿಲ್ಲುತ್ತೇವೆ, ಅವರು ಮೂರು ಮೂರಕ್ಕೆ.

ಎರಡೆರಡಕ್ಕೆ ನಿಲ್ಲುವುದು ಹಿಂದುಳಿದ ರೀತಿ ಎಂದು ಕೆಲವರು ಭಾವಿಸಿದ್ದಾರೆ. ನಾನು ಒಪ್ಪುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರ ಗಣಿತ' ಬರೆದ. ಅತ್ತ ಇಂಗ್ಲಿಷರ 'ಬಿಲಿಯನ್' ಮೊನ್ನೆ ಮೊನ್ನೆಯವರೆಗೂ ಒಂದು ಕಡೆ ನಿಂತಿರಲಿಲ್ಲ. ಬ್ರಿಟನ್ನಿನಲ್ಲಿ ಅದು ಲಕ್ಷ ಕೋಟಿ, ಅಮೆರಿಕದಲ್ಲಿ ನೂರು ಕೋಟಿ. 1974ರಲ್ಲಿ ಬ್ರಿಟಿಷ್ ಸರ್ಕಾರವೂ ಅಮೆರಿಕದ ಲೆಕ್ಕಕ್ಕೆ ಬಂತು. ಹಳೆಯ ಇಂಗ್ಲಿಷ್ ಪುಸ್ತಕ ಓದುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. 'ಒನ್ ಲ್ಯಾಕ್ ಟ್ವೆಂಟಿಫೈವ್ ಥೌಸಂಡ್' ಎಂಬುದು ಭಾರತದ ಇಂಗ್ಲಿಷಿನಲ್ಲಿ ಪೂರ್ತಿ ಸರಿ, ಚೆಕ್ಕಿನ ಮೇಲೂ ಹಾಗೆಯೇ ಬರೆಯುತ್ತೇವೆ. ಹೊರದೇಶದವರೊಡನೆ ಮಾತಾಡುವಾಗ ಮಾತ್ರ 'ಒನ್ ಹಂಡ್ರೆಡ್ ಅಂಡ್ ಟ್ವೆಂಟಿಫೈವ್ ಥೌಸಂಡ್' ಎನ್ನಬೇಕು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಒಡೆಯರು ಬದಲಾದರೂ ಕಾಗದಪತ್ರಗಳ ಇಂಗ್ಲಿಷ್ ಬದಲಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ದಿನಗಳಲ್ಲಿ ಮನೆಮನೆಗೆ ಲೆಕ್ಕದ ಕಾಗದಗಳು ಬಂದವು. ನಮ್ಮ ಲೈನಿನ ಹಿರಿಯರೊಬ್ಬರು ಕನ್ನಡಕ ಹುಡುಕುವ ನೆಪ ಮಾಡಿ, ಹೈಸ್ಕೂಲಿನಲ್ಲಿದ್ದ ಮಗಳ ಕೈಗೆ ಕಾಗದ ಕೊಟ್ಟದ್ದನ್ನು ಕಂಡಿದ್ದೇನೆ. ಜೀವಮಾನವೆಲ್ಲ ನೆಲದಡಿ ದುಡಿದದ್ದರ ಬೆಲೆ ಆ ಒಂದು ಸಾಲಿನಲ್ಲಿತ್ತು. ಅವಳು ಅಂಕಿಗಳ ಮೇಲೆ ಬೆರಳಿಟ್ಟು ಬಲದಿಂದ ಎಣಿಸಿದಳು. ಇಂಗ್ಲಿಷಿನಲ್ಲಿ ಒಮ್ಮೆ ಓದಿದಳು, ಆಮೇಲೆ ತಮಿಳಿನಲ್ಲಿ. "ಇನ್ನೊಂದು ಸಲ ಓದಮ್ಮಾ" ಎಂದರು ಅವರು. ಅವಳು ಮತ್ತೆ ಓದಿದಳು. ಅದೇ ಕಾಗದ ಹಿಡಿದು ಪಕ್ಕದ ಮನೆಯವರೂ ಬಂದರು.

ಈಗ ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳು ಎಷ್ಟೋ ಮಂದಿ. ಫೋನಿನ ಆ ತುದಿಯವರು 'ಪಾಯಿಂಟ್ ಟೂ ಫೈವ್ ಮಿಲಿಯನ್' ಎಂದರೆ ಎರಡೂವರೆ ಲಕ್ಷ ಎಂದು ಅವರಿಗೆ ತಟ್ಟನೆ ಹೊಳೆಯುತ್ತದೆ. ಹೊಳೆಯದವರು ಈಗಲೂ ಬಲದಿಂದ ಎಣಿಸಬಹುದು.