ಮೊದಲು ವಕ್ರರೇಖೆ, ಆಮೇಲೆ ಅಳತೆಗೋಲು: ಪ್ರಸಾಮಾನ್ಯ ವಿತರಣೆ ಮತ್ತು ಮಾನಕ ಅಂಕಗಳ ಚರಿತ್ರೆ

ಪ್ರಸಾಮಾನ್ಯ ವಿತರಣೆಯನ್ನೂ ಮಾನಕ ಅಂಕವನ್ನೂ ತರಗತಿಯಲ್ಲಿ ಒಟ್ಟಿಗೇ ಕಲಿಸುವುದು ರೂಢಿ. ಗಂಟೆಯಾಕಾರದ ರೇಖೆ, ಅದರ ಬೆನ್ನಿಗೇ ಸೂತ್ರ, ಆಮೇಲೆ ಕೋಷ್ಟಕ. ಇದರಿಂದ ಒಂದು ತಪ್ಪು ಕಲ್ಪನೆ ಸುಲಭವಾಗಿ ಬೇರೂರುತ್ತದೆ: ಯಾವ ದತ್ತಾಂಶವನ್ನಾದರೂ ಮಾನಕ ಅಂಕಕ್ಕೆ ತಿರುಗಿಸಿದರೆ ಅದು ಪ್ರಸಾಮಾನ್ಯವಾಗಿಬಿಡುತ್ತದೆ ಎಂಬುದು. ಈ ಎರಡೂ ಹುಟ್ಟಿದ ಕಾಲ ಬೇರೆ, ಕಾರಣ ಬೇರೆ. ಅದನ್ನು ತಿಳಿದರೆ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂಬುದು ಈ ಲೇಖನದ ವಾದ.

ದೋಷದ ರೇಖೆ

ಈ ರೇಖೆ ಮೊದಲು ಕಂಡದ್ದು ಆಕಸ್ಮಿಕದಾಟಗಳ ಲೆಕ್ಕದಲ್ಲಿ. ಫ್ರಾನ್ಸ್ ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ಅಬ್ರಹಾಂ ಡಿ ಮಾವ್ರ್, ದ್ವಿಪದ ವಿಸ್ತರಣೆಯ ಅಸಂಖ್ಯ ಪದಗಳನ್ನು ಕೂಡುವ ಶ್ರಮ ತಪ್ಪಿಸಲು 1733ರಲ್ಲಿ ಒಂದು ಸಮೀಪ ಸೂತ್ರ ಕೊಟ್ಟರು. ಅವರಿಗದು ಲೆಕ್ಕದ ಒಳದಾರಿಯಾಗಿತ್ತು.

ರೇಖೆಗೆ ಹೊಸ ಅರ್ಥ ಬಂದದ್ದು ಖಗೋಳಶಾಸ್ತ್ರದಿಂದ. 1801ರ ಜನವರಿ 1ರಂದು ಖಗೋಳಜ್ಞ ಪಿಯಾಝಿ ಕಂಡ ಸಿರಿಸ್ ಎಂಬ ಆಕಾಶಕಾಯ ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿಗೆ ಮರೆಯಾಯಿತು. ಗೌಸ್ ಲೆಕ್ಕ ಹಾಕಿದ ಕಕ್ಷೆಯ ನೆರವಿನಿಂದ ವರ್ಷಾಂತ್ಯಕ್ಕೆ ಅದು ಮತ್ತೆ ಸಿಕ್ಕಿತು. ಇಂಥ ಲೆಕ್ಕಕ್ಕೆ ಆಧಾರವಾದ ಅಳತೆಗಳಲ್ಲಿ ದೋಷ ಇದ್ದೇ ಇರುತ್ತದೆ. ಹಲವು ಅಳತೆಗಳ ಸರಾಸರಿಯೇ ಅತ್ಯಂತ ಸಂಭಾವ್ಯ ಬೆಲೆಯಾಗಬೇಕಾದರೆ ದೋಷಗಳು ಹೇಗೆ ಹರಡಿರಬೇಕು? 1809ರಲ್ಲಿ ಗೌಸ್ ಈ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕಿದ್ದು ಇದೇ ರೇಖೆ. ಪರಸ್ಪರ ಹಂಗಿಲ್ಲದ ಹಲವಾರು ಸಣ್ಣ ಕಾರಣಗಳ ಮೊತ್ತ ಈ ಆಕಾರಕ್ಕೆ ಹತ್ತಿರವಾಗುತ್ತದೆಂದು ಮರುವರ್ಷ ಲಾಪ್ಲಾಸ್ ತೋರಿಸಿದರು.

ಸೈನಿಕರ ಎದೆಸುತ್ತಳತೆ

ಅಳತೆಯ ದೋಷಕ್ಕೆ ಸೇರಿದ್ದ ರೇಖೆಯನ್ನು ಮನುಷ್ಯರ ಮೇಲೆ ಹೂಡಿದವರು ಬೆಲ್ಜಿಯಮ್ಮಿನ ಕೆಟಲೆ. 1846ರ ಗ್ರಂಥದಲ್ಲಿ ಅವರು 5738 ಸ್ಕಾಟಿಷ್ ಸೈನಿಕರ ಎದೆಸುತ್ತಳತೆಯ ಪಟ್ಟಿ ಕೊಟ್ಟರು. ನಿಸರ್ಗ ಒಬ್ಬ 'ಸರಾಸರಿ ಮನುಷ್ಯ'ನಿಗೆ ಗುರಿಯಿಟ್ಟು ಅಷ್ಟಿಷ್ಟು ತಪ್ಪುತ್ತದೆ ಎಂಬುದು ಅವರ ನೋಟ. ಆ ಪಟ್ಟಿಯ ಸರಾಸರಿ 39.83 ಇಂಚು, ಮಾನಕ ವಿಚಲನೆ 2.05 ಇಂಚು. 38ರಿಂದ 41 ಇಂಚಿನ ನಾಲ್ಕು ಸಾಲುಗಳಲ್ಲಿ 3835 ಜನರಿದ್ದಾರೆ, ಅಂದರೆ ಶೇ. 66.8. ರೇಖೆಯ ಪ್ರಕಾರ ಶೇ. 66.5 ಇರಬೇಕು. ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ತಡವಾಗಿ ಬಂದ ಅಳತೆಗೋಲು

ಈ ಪಟ್ಟಿಯಲ್ಲಿ 43 ಇಂಚಿನವನ ಮಾನಕ ಅಂಕ ಎಷ್ಟು? 43ರಿಂದ 39.83 ಕಳೆದು 2.05ರಿಂದ ಭಾಗಿಸಿದರೆ 1.55. ಕೆಟಲೆ ಈ ಮಾತಿನಲ್ಲಿ ಉತ್ತರಿಸುತ್ತಿರಲಿಲ್ಲ. ಆ ಕಾಲದವರ ಅಳತೆ 'ಸಂಭಾವ್ಯ ದೋಷ', ಅರ್ಧದಷ್ಟು ವೀಕ್ಷಣೆಗಳನ್ನು ಒಳಗೊಳ್ಳುವ ಅಂತರ. 'ಮಾನಕ ವಿಚಲನೆ' ಎಂಬ ಹೆಸರನ್ನು ಕಾರ್ಲ್ ಪಿಯರ್ಸನ್ ಬಳಕೆಗೆ ತಂದದ್ದು 1893ರಲ್ಲಿ, ಡಿ ಮಾವ್ರ್ ಸೂತ್ರಕ್ಕೆ 160 ವರ್ಷ ತುಂಬಿದಾಗ. 1903ರಲ್ಲಿ ಶೆಪರ್ಡ್ ಪ್ರಕಟಿಸಿದ ಕೋಷ್ಟಕಗಳು ಈ ಅಳತೆಗೋಲನ್ನೇ ಆಧರಿಸಿದವು. 1920ರ ದಶಕದಲ್ಲಿ ಅಮೆರಿಕದ ಮೆಕಾಲ್ ಶಾಲಾ ಪರೀಕ್ಷೆಗಳಿಗಾಗಿ ಸರಾಸರಿ 50, ವಿಚಲನೆ 10 ಇರುವ 'ಟಿ ಅಂಕ' ರೂಪಿಸಿದರು.

ಅಳತೆಗೋಲು ಭಾರತದಲ್ಲೂ ಬೆಳೆಯಿತು. ಒಂದೇ ಗುಣದ ಬದಲು ಹಲವು ಗುಣಗಳ ಅಂತರವನ್ನು ಅವುಗಳ ಚದುರುವಿಕೆಗೆ ತಕ್ಕಂತೆ ಅಳೆಯುವ ಕ್ರಮವನ್ನು ಮಹಲನೋಬಿಸ್ 1936ರಲ್ಲಿ ಮಂಡಿಸಿದರು. 1949ರಲ್ಲಿ ಪ್ರಕಟವಾದ ಸಂಯುಕ್ತ ಪ್ರಾಂತ್ಯದ ದೇಹಮಾಪನ ಸಮೀಕ್ಷೆಯಲ್ಲಿ ಅದನ್ನು ಬಳಸಿದವರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಒಬ್ಬರು.

ಸಮಾಪನ

ರೇಖೆ ಹೇಳುವುದು ದತ್ತಾಂಶದ ಆಕಾರವನ್ನು. ಮಾನಕ ಅಂಕ ಹೇಳುವುದು ಸರಾಸರಿಯಿಂದ ಇರುವ ದೂರವನ್ನು. ಕಳೆದು ಭಾಗಿಸಿದ ಮಾತ್ರಕ್ಕೆ ಆಕಾರ ಬದಲಾಗದು: ಒಂದು ಕಡೆಗೆ ವಾಲಿದ ಆದಾಯದ ಪಟ್ಟಿ ಮಾನಕ ಅಂಕಗಳಲ್ಲೂ ವಾಲಿಯೇ ಇರುತ್ತದೆ. ಆದ್ದರಿಂದ 1.55 ಎಂಬ ಅಂಕ ಯಾವ ಪಟ್ಟಿಯಲ್ಲೂ ಸಿಗಬಹುದು. ಅದರಿಂದಾಚೆ ಸುಮಾರು ಶೇ. 6 ಜನರಿದ್ದಾರೆ ಎನ್ನಲು ಮಾತ್ರ ಪಟ್ಟಿಯ ಆಕಾರ ಮೊದಲು ಒಪ್ಪಿಗೆ ಕೊಡಬೇಕು.